ಟಿಸಿ ಶೆಡ್ಡಿನ ಕೂಸು

ಕೋವಿಡ್ ವಾರ್ಡುಗಳನ್ನು ಮುಚ್ಚಿ, ಆಕ್ಸಿಜನ್ ಸಿಲಿಂಡರುಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸಿದ ಮರುವರ್ಷದ ಮಾತು. ನಾನಾಗ ಗಂಗಾವತಿಯಲ್ಲಿ ಸರ್ಕಾರಿ ಸೇವೆಯಲ್ಲಿದ್ದ ಮಕ್ಕಳ ವೈದ್ಯೆ. ನಿವೃತ್ತಿ ಹತ್ತಿರ ಬಂದಿತ್ತು. ಹುಟ್ಟಿದ್ದು ಕುಷ್ಟಗಿ, ಓದಿದ್ದು ಕಲಬುರಗಿ, ಆಮೇಲೆ ಯಲಬುರ್ಗಾ, ಕೊಪ್ಪಳ, ಗಂಗಾವತಿ ಎಂದು ಒಂದೇ ಜಿಲ್ಲೆಯೊಳಗೆ ಸುತ್ತಿ ನೌಕರಿ ಮುಗಿಸಿದವಳು ನಾನು. ಸಾವಿರಾರು ಮಕ್ಕಳನ್ನು ನೋಡಿದ್ದೇನೆ. ಆದರೆ ನಿವೃತ್ತಿಯಾದ ಮೇಲೂ ಬೆಳಗಿನ ಚಹಾದ ಹೊತ್ತಿಗೆ ನೆನಪಾಗುವುದು ಗವಿಸಿದ್ದ ಎಂಬ ಒಂದು ಕೂಸು, ಅದರ ತಾಯಿ ಶರಣಮ್ಮ ಮತ್ತು ಅಜ್ಜಿ ಹುಲಿಗೆಮ್ಮ.

ಆ ವರ್ಷ ಚಳಿ ಶುರುವಾದ ದಿನಗಳಲ್ಲಿ ಅವರು ಮೊದಲ ಸಲ ಬಂದರು. ಕೂಸಿಗೆ ಐದು ತಿಂಗಳು. ಉಸಿರಾಡಿದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಬಾಯಿ ತೆರೆಸಿ ನೋಡಿದರೆ ನಾಲಗೆ, ಅಂಗುಳ ಎಲ್ಲ ಮೊಸರು ಮೆತ್ತಿದಂತೆ ಬೆಳ್ಳಗಿತ್ತು. ಅದು ಶಿಲೀಂಧ್ರದ ಸೋಂಕು. ಎರಡು ತಿಂಗಳಲ್ಲಿ ಇದು ಮೂರನೆಯ ನ್ಯುಮೋನಿಯಾ ಎಂದು ತಾಯಿ ಹೇಳಿದಳು. ಹೇಳಿದ್ದು ನೆಲ ನೋಡಿಕೊಂಡು. ಪಕ್ಕದಲ್ಲಿದ್ದ ಅತ್ತೆ ಹುಲಿಗೆಮ್ಮ ನನ್ನನ್ನೇ ನೋಡಿ ಹೇಳಿದಳು.

"ಇದು ಎರಡನೇದ್ರಿ ಅಕ್ಕಾರ. ಮೊದ್ಲಿನ ಗಂಡು ಕೂಸನ್ನೂ ಇಕಿ ಹಿಂಗ ಕಳಕೊಂಡಾಳ. ಅದಕ್ಕೂ ಇದ ಉಬ್ಬಸ, ಇದ ಜ್ವರ. ಏಳು ತಿಂಗಳಿಗೆ ಹೋತು."

ನಮ್ಮ ಕಡೆ ಹೆಂಗಸರು ವೈದ್ಯೆಯರನ್ನು ಅಕ್ಕಾರ ಎನ್ನುತ್ತಾರೆ. ಆ ಕರೆಗೆ ನಾನು ಒಗ್ಗಿಹೋಗಿದ್ದೆ. ಆದರೆ "ಕಳಕೊಂಡಾಳ" ಎಂಬ ಮಾತಿಗೆ ಒಗ್ಗಿಕೊಳ್ಳಲು ಆಗಲಿಲ್ಲ.

ಕೂಸನ್ನು ದಾಖಲು ಮಾಡಿಕೊಂಡು ರಕ್ತಪರೀಕ್ಷೆ ಮಾಡಿಸಿದೆ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆ ಒಂದಿದೆ. ಹಾಲುಗೂಸುಗಳಲ್ಲಿ ಅವು ದೊಡ್ಡವರಿಗಿಂತ ಹೆಚ್ಚಿರಬೇಕು. ಈ ಕೂಸಿನಲ್ಲಿ ಅವು ದೊಡ್ಡವರಿಗಿಂತಲೂ ಕಡಿಮೆ ಇದ್ದವು. ಎದೆಯ ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿದೆ. ಹೃದಯದ ಮೇಲ್ಭಾಗದಲ್ಲಿ, ಎದೆಮೂಳೆಯ ಹಿಂದೆ, ಥೈಮಸ್ ಎಂಬ ಗ್ರಂಥಿ ಇರುತ್ತದೆ. ಎಳೆಯ ಮಕ್ಕಳಲ್ಲಿ ಅದು ದೋಣಿಯ ಹಾಯಿಯಂಥ ಅಗಲ ನೆರಳಾಗಿ ಕಾಣುತ್ತದೆ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎಳೆಯವಾಗಿಯೇ ಈ ಥೈಮಸ್‌ಗೆ ಬಂದು, ಇಲ್ಲಿ ಪಳಗಿ ಹೊರಗೆ ಹೋಗುತ್ತವೆ. ಗವಿಸಿದ್ದನ ಎಕ್ಸ್‌ರೇಯಲ್ಲಿ ಆ ನೆರಳೇ ಇರಲಿಲ್ಲ.

ನ್ಯುಮೋನಿಯಾ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯ ತಜ್ಞರು ಟಿ ಕೋಶಗಳನ್ನು ಎಣಿಸಿದರು. ಪೂರ್ತಿ ಇಲ್ಲವೆನ್ನುವಂತಿಲ್ಲ, ಇವೆ ಎನ್ನುವಂತೆಯೂ ಇಲ್ಲ. ಹುಟ್ಟಿನಿಂದಲೇ ಬರುವ ರೋಗನಿರೋಧಕ ಶಕ್ತಿಯ ಕೊರತೆ ಇರಬಹುದು ಎಂಬ ಸಂಶಯಕ್ಕೆ ಬಂದರು. ಸಂಶಯಕ್ಕೆ ಆಧಾರವಿತ್ತು. ಮೊದಲ ಗಂಡು ಕೂಸು ಹೋಗಿತ್ತು, ಎರಡನೆಯದು ಹೀಗಿತ್ತು, ಏಳು ವರ್ಷದ ಹೆಣ್ಣುಮಗಳು ಅಂಬಿಕಾ ಮಾತ್ರ ಗಟ್ಟಿಮುಟ್ಟಾಗಿದ್ದಳು. ಶರಣಮ್ಮನ ಅಣ್ಣನೊಬ್ಬ ಕೂಸಾಗಿದ್ದಾಗಲೇ ತೀರಿಕೊಂಡಿದ್ದ. ತಾಯಿಯ ಮೂಲಕ ದಾಟಿ ಗಂಡುಮಕ್ಕಳನ್ನು ಮಾತ್ರ ಕಾಡುವ ಜೀನ್ ದೋಷವೊಂದಿದೆ. ವಂಶದ ನಕ್ಷೆ ಬರೆದರೆ ಅದಕ್ಕೇ ಬೆರಳು ತೋರಿಸುತ್ತಿತ್ತು. ನಾನು ಬರೆದಿದ್ದರೂ ಅದನ್ನೇ ಹೇಳುತ್ತಿದ್ದೆ.

ಜೀನ್ ಪರೀಕ್ಷೆಗೆ ರಕ್ತ ಕಳಿಸಿದರು. ದೋಷ ಖಚಿತವಾದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಅಂದರೆ ಮಜ್ಜೆಯ ಕಸಿ, ಒಂದೇ ದಾರಿ. ಅಲ್ಲಿಯವರೆಗೆ ಕೂಸನ್ನು ಜನರಿಂದ ದೂರ, ಪ್ರತ್ಯೇಕ ಕೋಣೆಯಲ್ಲಿ ಇಡಬೇಕು. ಇಬ್ಬರನ್ನು ಬಿಟ್ಟು ಬೇರೆ ಯಾರೂ ಮುಟ್ಟಬಾರದು. ದಿನಾ ಸೋಂಕು ತಡೆಯುವ ಔಷಧಿ ಕೊಡಬೇಕು ಎಂದು ಹೇಳಿ ಕಳಿಸಿದರು. ಆ ಕಾಯಿಲೆಗೆ ಅದು ಸರಿಯಾದ ಸಲಹೆಯೇ.

ಪ್ರತ್ಯೇಕ ಕೋಣೆ ಎಂದರೆ ಅವರಿಗಿದ್ದದ್ದು ಒಂದೇ ಕೋಣೆ. ಅದು ಇದ್ದದ್ದು ಶ್ರೀರಾಮನಗರದ ರಸ್ತೆಯಲ್ಲಿ, ಖಾಸಗಿಯವರು ನಡೆಸುತ್ತಿದ್ದ ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿನ ಹಿಂಭಾಗದಲ್ಲಿ. ನಮ್ಮ ರೈತರು ಟ್ರಾನ್ಸ್‌ಫಾರ್ಮರಿಗೆ ಟಿಸಿ ಎನ್ನುತ್ತಾರೆ. ಭತ್ತದ ಹಂಗಾಮಿನಲ್ಲಿ ಪಂಪ್‌ಸೆಟ್ಟುಗಳ ಭಾರಕ್ಕೆ ಟಿಸಿ ಸುಡುವುದು ಮಾಮೂಲು. ಸುಟ್ಟ ಟಿಸಿಗಳು ಆ ಶೆಡ್ಡಿಗೆ ಬರುತ್ತಿದ್ದವು. ಶರಣಮ್ಮನ ಗಂಡ ಯಮನೂರ ಅಲ್ಲಿ ವಾಚ್‌ಮನ್. ಹಗಲು ಕೆಲಸಕ್ಕೂ ಕೈ ಹಾಕುತ್ತಿದ್ದ. ಹಳೆಯ ಎಣ್ಣೆ ಬಸಿದು ಡ್ರಮ್ಮುಗಳಿಗೆ ತುಂಬುವುದು, ಸುರುಳಿಗಳನ್ನು ಸುಟ್ಟು ತಾಮ್ರ ಬಿಡಿಸುವುದು. ಕಾವಲಿನವನು ಅಲ್ಲೇ ಮಲಗಬೇಕು ಎಂಬ ಕರಾರಿನ ಮೇಲೆ ಮಾಲೀಕರು ಕೋಣೆ ಕೊಟ್ಟಿದ್ದರು. ಬಾಡಿಗೆ ಇಲ್ಲ, ಕರೆಂಟಿಗೆ ಕೊರತೆ ಇಲ್ಲ. ಕುಷ್ಟಗಿ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದ ಕುಟುಂಬಕ್ಕೆ ಅದು ಭಾಗ್ಯವೇ ಆಗಿತ್ತು. ಮಗಳು ಅಂಬಿಕಾ ಮಾತ್ರ ಮಂಗಳೂರಿನಲ್ಲಿ, ತಾಯಿಯ ತವರಿನಲ್ಲಿ ಬೆಳೆಯುತ್ತಿದ್ದಳು. ಮಂಗಳೂರು ಎಂದರೆ ಕರಾವಳಿಯದಲ್ಲ; ನಮ್ಮ ಯಲಬುರ್ಗಾ ಸೀಮೆಯ ದೊಡ್ಡ ಹಳ್ಳಿ.

ನನ್ನ ಮನೆ ಅದೇ ರಸ್ತೆಯಲ್ಲಿದ್ದುದರಿಂದ, ಕೂಸನ್ನು ಆಸ್ಪತ್ರೆಯ ಗದ್ದಲಕ್ಕೆ ತರುವುದು ಬೇಡ, ವಾರಕ್ಕೊಂದು ಸಂಜೆ ನಾನೇ ಬಂದು ನೋಡುತ್ತೇನೆ ಎಂದೆ.

ಮೊದಲ ಸಲ ಹೋದಾಗ ಕಂಡದ್ದು ಇದು: ಕಿಟಕಿಗೆ ಎರಡು ಪದರ ಪ್ಲಾಸ್ಟಿಕ್, ಬಾಗಿಲಿಗೂ ಪ್ಲಾಸ್ಟಿಕ್ ಪರದೆ, ಮೇಲೆ ತಗಡು. ಒಳಗೆ ಒಂದು ಮಂಚ, ಒಂದು ತೊಟ್ಟಿಲು, ಒಂದು ಫ್ಯಾನು. ಗೆದ್ದಲು, ಚೇಳು ಬಾರದಂತೆ ಗೋಡೆಯ ಬುಡಕ್ಕೂ ಬಾಗಿಲ ಚೌಕಟ್ಟಿಗೂ ಹಳೆಯ ಟಿಸಿ ಎಣ್ಣೆ ಬಳಿದಿದ್ದರು. ಇಡೀ ಶೆಡ್ಡಿಗೇ ಅದರ ವಾಸನೆ ಇತ್ತು. ಒಳಗೆ ಹೋದ ಎರಡು ನಿಮಿಷಕ್ಕೆ ಮೂಗು ಒಗ್ಗಿ ಅದು ಗೊತ್ತಾಗದೆ ಹೋಗುತ್ತಿತ್ತು. ಶರಣಮ್ಮ ದಿನದ ಬಹುಭಾಗ ಆ ಕೋಣೆಯಲ್ಲೇ. ಹುಲಿಗೆಮ್ಮ ಬೆಳಿಗ್ಗೆ ಕೈಕಾಲು ತೊಳೆದು ಒಳಗೆ ಬಂದು ಕೂಸಿಗೆ ನೀರೆರೆದು ಹೋಗುತ್ತಿದ್ದಳು. ಅದು ಅಜ್ಜಿಯ ಹಕ್ಕು, ಅದನ್ನು ಬಿಟ್ಟುಕೊಡಲು ಆಕೆ ಒಪ್ಪಿರಲಿಲ್ಲ. ಉಳಿದ ಹೊತ್ತಿನಲ್ಲಿ ಯಮನೂರ ಪರದೆಯ ಸಂದಿಯಿಂದ ಊಟ ಒಳಗಿಡುತ್ತಿದ್ದ.

ಬೇಸಿಗೆ ಬಂತು. ತಗಡಿನ ಕೆಳಗೆ, ಗಾಳಿಯಾಡದ ಆ ಕೋಣೆಯಲ್ಲಿ ಹತ್ತು ನಿಮಿಷ ಕುಳಿತರೆ ನನ್ನ ರವಿಕೆ ತೊಯ್ದು ಹೋಗುತ್ತಿತ್ತು. ಒಂದು ಸಂಜೆ ಶರಣಮ್ಮ ಕೂಸಿನ ಬೆನ್ನು ಸವರುತ್ತ ಹೇಳಿದಳು:

"ಜೇಲಿನ್ಯಾಗ ಇದ್ದವ್ರಿಗೆ ಬಿಡೂ ತಾರೀಖರ ಗೊತ್ತಿರ್ತೈತ್ರಿ ಅಕ್ಕಾರ. ನಂಗ ಅದೂ ಇಲ್ಲ."

ಜೀನ್ ವರದಿ ಬಂದಿರಲಿಲ್ಲ. ಮೊದಲ ಸ್ಯಾಂಪಲ್ ಹಾಳಾಗಿ ಎರಡನೆಯ ಸಲ ಕಳಿಸಬೇಕಾಗಿತ್ತು. ಆದರೆ ಹುಲಿಗೆಮ್ಮನಿಗೆ ವರದಿ ಬೇಕಾಗಿರಲಿಲ್ಲ. "ತಾಯಿ ಕಡೆಯಿಂದ" ಎಂಬ ಎರಡು ಶಬ್ದ ಅವಳ ಕಿವಿಗೆ ಬಿದ್ದಾಗಿತ್ತು.

"ಇಕಿ ರಕ್ತದಾಗ ದೋಷ ಐತಿ ಅಂತ ಬೆಂಗಳೂರಿನ ಡಾಕ್ಟರ ಹೇಳ್ಯಾರ" ಎಂದು ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಹೇಳಿದಳು. "ನನ್ನ ಮಗ ಒಬ್ಬನ ಅದಾನ. ಇದೂ ಹೋತಂದ್ರ ಇಕಿನ್ನ ತವರಿಗೆ ಕಳಿಸಿ ಅವಂಗ ಇನ್ನೊಂದು ಲಗ್ನ ಮಾಡಾಕಿ ನಾನು."

"ಯಾರೂ ಹಂಗ ಹೇಳಿಲ್ಲವ್ವಾ. ಸಂಶಯ ಅಷ್ಟ ಐತಿ" ಎಂದೆ. ಪ್ಲಾಸ್ಟಿಕ್ಕಿನ ಆಚೆ ಶರಣಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಹುಲಿಗೆಮ್ಮ ದನಿ ತಗ್ಗಿಸುವ ಹೆಂಗಸಲ್ಲ. ಆದರೆ ಮೊಮ್ಮಗನಿಗೆ ಜ್ವರ ಏರಿದ ದಿನ ಅದೇ ಹೆಂಗಸು ಊಟ ಮುಟ್ಟದೆ ಬಾಗಿಲ ಹೊರಗೆ ಕುಳಿತಿದ್ದನ್ನೂ ನಾನು ನೋಡಿದ್ದೇನೆ.

ನನಗೆ ಹೆಚ್ಚು ಸಂಕಟವಾದದ್ದು ಶರಣಮ್ಮ ಅದನ್ನು ನಂಬಿಬಿಟ್ಟಿದ್ದಕ್ಕೆ. "ನನ್ನ ಹೊಟ್ಟಿನ್ಯಾಗ ಏನ್ ವಿಷ ಐತೋ ಏನೋ" ಎನ್ನುತ್ತಿದ್ದಳು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟಾಗ ಅಂಬಿಕಾ ಬಂದಳು. ಕಸಿಗೆ ಅಕ್ಕನ ಮಜ್ಜೆ ಹೊಂದುತ್ತದೋ ಎಂದು ನೋಡಲು ಅವಳ ರಕ್ತ ಬೇಕಾಗಿತ್ತು. ರಕ್ತ ಕೊಟ್ಟ ಮೇಲೂ ರಜೆ ಮುಗಿಯುವತನಕ ಇರಲಿ ಎಂದು ಉಳಿಸಿಕೊಂಡರು. ಅವಳಿಗೆ ಒಳಗೆ ಹೋಗುವ ಹಾಗಿರಲಿಲ್ಲ. ಕಿಟಕಿಯ ಹೊರಗೆ ಕಲ್ಲಿನ ಮೇಲೆ ನಿಂತು ಪ್ಲಾಸ್ಟಿಕ್ಕಿಗೆ ಮೂಗು ಒತ್ತಿ ಅವ್ವನನ್ನು ನೋಡುತ್ತಿದ್ದಳು. ಒಳಗಿನಿಂದ ಶರಣಮ್ಮ ಅದೇ ಜಾಗಕ್ಕೆ ಅಂಗೈ ಇಡುತ್ತಿದ್ದಳು. ಉಳಿದಂತೆ ಹುಡುಗಿ ಡ್ರಮ್ಮುಗಳ ನಡುವೆ ಆಡಿಕೊಂಡು, ರಾತ್ರಿ ಶೆಡ್ಡಿನಲ್ಲೇ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದಳು.

ಮೇ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಶರಣಮ್ಮನ ಫೋನು ಬಂತು.

"ಅಕ್ಕಾರ, ಅಂಬಿಕಾನ ಮಾರಿ ಮ್ಯಾಲ ಗುಳ್ಳಿ ಎದ್ದಾವ. ಅಮ್ಮ ಬಂದಂಗ ಕಾಣ್ತೈತ್ರಿ. ಕೂಸಿಗೆ ತಗಲಿದ್ರ ಏನ್ ಮಾಡ್ಲಿ?"

ಅಮ್ಮ ಎಂದರೆ ನಮ್ಮ ಕಡೆ ಚಿಕನ್‌ಪಾಕ್ಸ್. ನಿರೋಧಕ ಶಕ್ತಿಯಿಲ್ಲದ ಕೂಸಿಗೆ ಅದು ತಗುಲಿದರೆ ಬದುಕುವುದು ಕಷ್ಟ. ಚಹಾ ಅಲ್ಲೇ ಬಿಟ್ಟು ಹೊರಟೆ.

ಅಂಗಳದಲ್ಲಿ ಅಂಬಿಕಾಳನ್ನು ಬೆಳಕಿಗೆ ನಿಲ್ಲಿಸಿ ನೋಡಿದೆ. ಜ್ವರವಿಲ್ಲ. ನೀರು ತುಂಬಿದ ಗುಳ್ಳೆಗಳಿಲ್ಲ. ಕೆನ್ನೆಯ ಮೇಲೆ, ಕಣ್ಣಿನ ಹೊರಮೂಲೆಯಲ್ಲಿ, ಕಿವಿಯ ಹಿಂದೆ ಸಣ್ಣ ಸಣ್ಣ ಗಂಟು. ತುದಿಯಲ್ಲಿ ಕರಿ ಚುಕ್ಕೆ. ಹರೆಯದವರಿಗೆ ಬರುವ ಮೊಡವೆಯಂತೆ, ಆದರೆ ಕೆಂಪಿಲ್ಲ. ಏಳು ವರ್ಷದ ಹುಡುಗಿಗೆ ಮೊಡವೆ ಬರುವುದಿಲ್ಲ.

"ಅಮ್ಮ ಅಲ್ಲ" ಎಂದು ಕಿಟಕಿಯ ಕಡೆ ಕೂಗಿ ಹೇಳಿದೆ. ಒಳಗೆ ಶರಣಮ್ಮ ಮಂಚದ ಮೇಲೆ ಕುಸಿದು ಕುಳಿತದ್ದು ಮಸುಕಾಗಿ ಕಾಣಿಸಿತು.

ಆಗ ಯಮನೂರ ಮುಂದೆ ಬಂದು, "ಇದರ ಸಲುವಾಗಿ ನಿಮ್ಮನ್ನ ಓಡಿಸಿದ್ವಿ ಏನ್ರಿ? ಇವು ನನಗೂ ಅದಾವ್ರಿ. ಈ ಕೆಲಸದವ್ರಿಗೆ ಉಷ್ಣಕ್ಕ ಏಳ್ತಾವ" ಎಂದು ಕಿವಿ ಮಡಚಿ ತೋರಿಸಿದ. ಅವನ ಕಿವಿಯ ಹಿಂದೆ, ಕತ್ತಿನ ಮೇಲೆ ಅದೇ ಕರಿ ಚುಕ್ಕೆಯ ಗಂಟುಗಳು ಒತ್ತಾಗಿದ್ದವು.

ನಾನು ಕೈ ತೊಳೆದು ಒಳಗೆ ಹೋಗಿ ಕೂಸಿನ ಕೆನ್ನೆಯನ್ನು ಮತ್ತೆ ನೋಡಿದೆ. ಅಲ್ಲಿ ಕೆಲವು ಚುಕ್ಕೆಗಳಿದ್ದದ್ದು ನನಗೆ ಗೊತ್ತಿತ್ತು. ಸೆಕೆಯ ಬೆವರುಸಾಲೆ ಎಂದುಕೊಂಡಿದ್ದೆ. ಬೆವರುಸಾಲೆಯಾಗಿರಲಿಲ್ಲ.

ಈ ಗಂಟುಗಳು ಶರಣಮ್ಮನ ರಕ್ತದಿಂದ ಬಂದವಾದರೆ ಮಕ್ಕಳಿಗೆ ಬರಬಹುದು. ಗಂಡನಿಗೆ ಹೇಗೆ ಬಂತು? ಅವನಿಗೂ ಅವಳಿಗೂ ಯಾವ ರಕ್ತಸಂಬಂಧವೂ ಇಲ್ಲ. ಗಂಟೆದ್ದ ಮೂವರೂ ಇದ್ದದ್ದು ಈ ಶೆಡ್ಡಿನಲ್ಲಿ. ಮೊದಲ ಗಂಡು ಕೂಸು ಹುಟ್ಟಿ ಸತ್ತದ್ದೂ ಇದೇ ಕೋಣೆಯಲ್ಲಿ. ಹುಡುಗಿ ಗಟ್ಟಿಯಾಗಿ ಉಳಿದದ್ದು ಹೆಣ್ಣು ಎಂಬ ಕಾರಣಕ್ಕಲ್ಲ. ಅವಳು ಇಲ್ಲಿ ಬೆಳೆದಿರಲಿಲ್ಲ, ಅಷ್ಟೇ.

ನಾನು ಹೀಗೆ ಯೋಚಿಸುತ್ತ ನಿಂತಿರುವಾಗಲೇ ಹುಲಿಗೆಮ್ಮ ಕಾಯಿಸಿದ ನೀರು ತಂದಿಟ್ಟು, ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡಳು. ನಾನು ಯಾವಾಗಲೂ ಸಂಜೆ ಬರುತ್ತಿದ್ದೆ. ಎರೆಯುವ ಹೊತ್ತಿಗೆ ಅಲ್ಲಿದ್ದದ್ದು ಅದೇ ಮೊದಲು. ಆಕೆ ಒಂದು ಸೀಸೆಯಿಂದ ಅಂಗೈಗೆ ಎಣ್ಣೆ ಸುರಿದುಕೊಂಡು ಕೂಸಿನ ಎದೆಗೆ, ಬೆನ್ನಿಗೆ ತಿಕ್ಕತೊಡಗಿದಳು. ವಾಸನೆ ಮೂಗಿಗೆ ಬಡಿಯಿತು.

"ಯಾವ ಎಣ್ಣಿವ್ವಾ ಅದು?"

"ಟಿಸಿ ಎಣ್ಣಿರೀ" ಎಂದಳು, ಮುಚ್ಚುಮರೆ ಇಲ್ಲದೆ. "ಹಳೇ ಡ್ರಮ್ಮಿನ್ಯಾಗಿಂದು. ನನ್ನ ಮೊಣಕಾಲಿಗೆ ಭಾಳ ಛಲೋ ಆಗೈತಿ. ಊರ ಮಂದಿ ಕೇಳಿ ಒಯ್ತಾರ. ಕೂಸಿನ ಎದಿಗೆ ಕಾವು ಹಿಡೀಲಿ ಅಂತ ದಿನಾ ತಿಕ್ಕತೀನ್ರಿ. ಅಂಬಿಕಾನ ಕಾಲು ನೋಯ್ತಾವ ಅಂದ್ಲು, ಅಕಿಗೂ ಹಚ್ಚೀನಿ."

ನಾನು ಸೀಸೆಯನ್ನು ನನ್ನ ಕಡೆ ಎಳೆದುಕೊಂಡೆ. ಆದರೂ ದನಿ ಏರಿಸಲಿಲ್ಲ. ಆಕೆ ಆ ಕೂಸನ್ನು ತಿಕ್ಕುತ್ತಿದ್ದ ರೀತಿ ನೋಡಿದವರಾರಿಗೂ ದನಿ ಏರಿಸಲು ಆಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ನಮ್ಮ ಜೀವಕೋಶಗಳೊಳಗೆ ರಿಸೆಪ್ಟರ್ ಎಂಬ ಗ್ರಾಹಕಗಳಿವೆ. ಅವುಗಳಲ್ಲಿ ಕೆಲವು ಹೊರಗಿನ ಪರಿಸರವನ್ನು ಅರಿಯುವ ಕೆಲಸ ಮಾಡುತ್ತವೆ. ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರ್ ಅಂಥದ್ದು. ನಾವು ತಿನ್ನುವ ಎಲೆಕೋಸಿನಂಥ ತರಕಾರಿ, ಕರುಳಿನ ಬ್ಯಾಕ್ಟೀರಿಯಾ, ಉಸಿರಾಡುವ ಹೊಗೆ ಇವುಗಳಿಂದ ಬರುವ ಕೆಲವು ಕಣಗಳು ಬಂದು ಕೂತರೆ ಈ ಗ್ರಾಹಕ ಕೋಶದ ನಡುವಿನ ಕೇಂದ್ರಕ್ಕೆ ಹೋಗಿ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಎಳೆಯ ರೋಗನಿರೋಧಕ ಕೋಶ ಮುಂದೆ ಏನಾಗಬೇಕು ಎಂಬುದರಲ್ಲಿ ಇದರ ಪಾತ್ರ ದೊಡ್ಡದು. ಸೊಪ್ಪು ತರಕಾರಿಯ ಕಣ ಬಂದು ಕೂತು, ಬೇಗ ಕರಗಿ ಹೋಗುತ್ತದೆ. ಅದು ದೇಹಕ್ಕೆ ಬೇಕಾದದ್ದೇ. ಆದರೆ ತೀರ ಹಳೆಯ ಕೆಲವು ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿದ್ದ ಪಿಸಿಬಿ ಎಂಬ ಕ್ಲೋರಿನ್ ಬೆರೆತ ರಾಸಾಯನಿಕಗಳು, ಅವು ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ನಂಥವು ಕರಗುವುದಿಲ್ಲ. ವರ್ಷಗಟ್ಟಲೆ ಕೊಬ್ಬಿನಲ್ಲಿ ಉಳಿದು, ಗ್ರಾಹಕವನ್ನು ಮತ್ತೆ ಮತ್ತೆ ಕೆಣಕುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥವುಗಳಿಂದ ಥೈಮಸ್ ಕುಗ್ಗುತ್ತದೆ. ಚರ್ಮದಲ್ಲಿ ಏಳುವ ಆ ಕರಿ ಚುಕ್ಕೆಯ ಗಂಟುಗಳಿಗೆ ಕ್ಲೋರಾಕ್ನೆ ಎನ್ನುತ್ತಾರೆ. ಹಿಂದೆ ಜಪಾನ್, ತೈವಾನ್‌ಗಳಲ್ಲಿ ಅಡುಗೆ ಎಣ್ಣೆಗೆ ಪಿಸಿಬಿ ಬೆರೆತು ಜನರ ಚರ್ಮಕ್ಕೆ ಹೀಗೇ ಆಗಿತ್ತು ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೆವು. ಓದಿದ್ದು ಕಣ್ಣೆದುರಿಗೆ ಬಂದದ್ದು ಅದೇ ಮೊದಲು.

"ಯವ್ವಾ, ಈ ಎಣ್ಣಿ ಇವತ್ತಿನಿಂದ ಬಂದ್ ಆಗಬೇಕು" ಎಂದೆ. "ಇದರಾಗ ವಿಷ ಇರಬಹುದು. ಚರ್ಮದಾಗ ಇಳಿದು ಒಳಗ ಹೋಗ್ತೈತಿ. ನಿಮಗ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಯಾರ ತಪ್ಪೂ ಅಲ್ಲ."

"ಇದರಾಗ ಏನ್ ವಿಷ ಇರ್ತೈತ್ರಿ? ನಾನ ಹಚ್ಚಿಕೊಂತೀನಲ್ಲ?"

"ನೀವು ದೊಡ್ಡವ್ರು. ಕೂಸಿನ ಮೈಯಾಗ ರೋಗದ ಕೂಡ ಬಡದಾಡೂ ಕಣಗಳು ಈಗಷ್ಟ ತಯಾರಾಗ್ತಿರ್ತಾವ. ಅವು ತಯಾರಾಗೂ ಜಾಗಕ್ಕ ಇದು ಪೆಟ್ಟು ಕೊಡ್ತೈತಿ."

ಹುಲಿಗೆಮ್ಮ ನನ್ನನ್ನು ನೋಡಿದಳು, ಸೀಸೆ ನೋಡಿದಳು. ಆಮೇಲೆ ಮಂಚದ ಮೇಲಿದ್ದ ಸೊಸೆಯ ಕಡೆ ಒಮ್ಮೆ ಕಣ್ಣು ಹೋಯಿತು, ತಕ್ಷಣ ತೆಗೆದಳು. ಕೂಸನ್ನು ಎತ್ತಿ ಶರಣಮ್ಮನ ಕೈಗೆ ಕೊಟ್ಟು ಹೊರಗೆ ನಡೆದಳು. ನಾನು ಹೊರಡುವ ಹೊತ್ತಿಗೂ ಆಕೆ ನಲ್ಲಿಯ ಕೆಳಗೆ ಬಟ್ಟೆ ಸೋಪಿನಿಂದ ಕೈ ತಿಕ್ಕುತ್ತಲೇ ಇದ್ದಳು.

ಒಳಗೆ ಶರಣಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಹಾಲಿನ್ಯಾಗೂ ಅದು ಇರ್ತೈತೇನ್ರಿ?"

"ಇರಬಹುದು" ಎಂದೆ. ಸುಳ್ಳು ಹೇಳಲು ಬರಲಿಲ್ಲ. "ಆದ್ರ ಹಾಲು ಬಿಡಸಬ್ಯಾಡ. ಹಾಲಿನಿಂದ ಆಗೂ ಒಳ್ಳೇದ ಹೆಚ್ಚು."

ಎಣ್ಣೆ ತಿಕ್ಕುವುದು ನಿಂತರೆ ಸಾಲದಾಗಿತ್ತು. ಗೋಡೆಯ ಬುಡದಲ್ಲಿ ಅದೇ ಎಣ್ಣೆ, ಗೋಡೆಯ ಆಚೆ ಡ್ರಮ್ಮುಗಳು, ಸುರುಳಿ ಸುಡುವ ಹೊಗೆ. ಕೂಸು ಅಂಬೆಗಾಲಿಡಲು ಶುರು ಮಾಡಿತ್ತು. ಆ ಕೋಣೆಯಿಂದಲೇ ಅದನ್ನು ಹೊರಗೆ ಒಯ್ಯಬೇಕಿತ್ತು. ಆದರೆ ಎಲ್ಲಿಗೆ? ಮತ್ತು ನನ್ನ ಊಹೆ ತಪ್ಪಾಗಿದ್ದರೆ? ನಿಜಕ್ಕೂ ಜೀನ್ ದೋಷವೇ ಇದ್ದರೆ, ಈ ಪರದೆಯಿಂದ ಹೊರಗೆ ತೆಗೆದು ಜನರಿರುವ ಮನೆಯಲ್ಲಿಟ್ಟರೆ ಒಂದು ನೆಗಡಿ ಸಾಕು. ಒಳಗಿಟ್ಟರೆ ವಿಷ, ಹೊರಗೆ ತಂದರೆ ಸೋಂಕು. ವರದಿಗೆ ಇನ್ನೂ ಹಲವು ವಾರ ಕಾಯಬೇಕಿತ್ತು. ನನ್ನ ವೃತ್ತಿಯಲ್ಲಿ ಅಷ್ಟು ಇಕ್ಕಟ್ಟಿನಲ್ಲಿ ನಾನೆಂದೂ ಸಿಕ್ಕಿರಲಿಲ್ಲ.

ಬೆಂಗಳೂರಿನ ತಜ್ಞರಿಗೆ ಫೋನ್ ಮಾಡಿದೆ. ಸಜ್ಜನರು, ಪೂರ್ತಿ ಕೇಳಿಸಿಕೊಂಡರು. "ನೀವು ಹೇಳುವುದು ಸಾಧ್ಯವಿದೆ. ಆದರೆ ವರದಿ ಬರುವ ಮೊದಲು ಐಸೋಲೇಶನ್ ತೆಗೆಯಿರಿ ಎಂದು ನಾನು ಹೇಳಲಾರೆ, ಡಾಕ್ಟರ್" ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಶೆಡ್ಡಿನ ಮಾಲೀಕರನ್ನು ಕಂಡೆ. ಕುಟುಂಬಕ್ಕೆ ಬೇರೆ ಕಡೆ ಜಾಗ ಕೊಡಿ, ಯಮನೂರ ಕಾವಲಿಗೆ ಬಂದು ಹೋಗಲಿ ಎಂದು ಕೇಳಿದೆ. ಅವರು ತಮ್ಮ ಎರಡೂ ಕೈ ಚಾಚಿ ತೋರಿಸಿದರು. "ನೋಡ್ರಿ ಮೇಡಂ, ಇಪ್ಪತ್ತು ವರ್ಷದಿಂದ ಇದೇ ಎಣ್ಣಿಯಾಗ ಅದ್ದೀನಿ. ನನಗೇನಾಗೈತಿ? ಅಲ್ಲೇ ಮಲಗದ ವಾಚ್‌ಮನ್ ನನಗ ಯಾಕ ಬೇಕು?" ಮಾತಿನಲ್ಲಿ ದುಷ್ಟತನವಿರಲಿಲ್ಲ. ಅವರಿಗೆ ನಿಜವಾಗಿಯೂ ನಂಬಿಕೆ ಬಂದಿರಲಿಲ್ಲ.

ಮರುದಿನ ಸಂಜೆ ಯಮನೂರ, ಶರಣಮ್ಮ, ಹುಲಿಗೆಮ್ಮ ಮೂವರನ್ನೂ ಕೂಡಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡೂ ಕಡೆಯ ಅಪಾಯ ಹೇಳಿದೆ. ನನಗೆ ಖಾತ್ರಿಯಿಲ್ಲ ಎಂಬುದನ್ನೂ ಹೇಳಿದೆ. ಹೊರಗೆ ಅಂಬಿಕಾ ಒಬ್ಬಳೇ ಏನೋ ಹಾಡಿಕೊಳ್ಳುತ್ತಿದ್ದಳು.

"ಈ ಕೆಲಸ ಬಿಟ್ರ ನಾಳೆ ಎಲ್ಲಿ ನಿಲ್ಲಲ್ರಿ?" ಎಂದ ಯಮನೂರ. ಆಮೇಲೆ ತಲೆ ಎತ್ತಿ ಕೇಳಿದ: "ನೀವ ಹೇಳ್ರಿ ಅಕ್ಕಾರ. ನಿಮ್ಮ ಕೂಸಾಗಿದ್ರ ಏನ್ ಮಾಡ್ತಿದ್ರಿ?"

ಅಂಥ ಪ್ರಶ್ನೆಗೆ ಉತ್ತರ ಕೊಡಬಾರದು ಎಂದು ನಮಗೆ ಕಲಿಸಿರುತ್ತಾರೆ. ನಾನು ಕೊಟ್ಟೆ.

"ಒಯ್ತಿದ್ದೆ."

ಶರಣಮ್ಮ ಅಷ್ಟಕ್ಕೇ ಕಾದಿದ್ದವಳಂತೆ ಎದ್ದಳು. "ಮಂಗಳೂರಾಗ ನಮ್ಮ ತಮ್ಮನ ಹೊಲದಾಗ ಒಂದು ಕಲ್ಲಿನ ಮನಿ ಐತ್ರಿ. ಊರ ಹೊರಗ. ಬಿತ್ತಗಿ ಸಾಮಾನು ಇಡ್ತಾರ. ಮಂದಿ ಸುಳಿಯಂ‍ಗಿಲ್ಲ. ತೆರವು ಮಾಡಿ ಸುಣ್ಣ ಹಚ್ಚು ಅಂದ್ರ ಎರಡು ದಿನದಾಗ ಹಚ್ಚತಾನ."

ಅದು ನನಗೆ ಬೇಕಾಗಿದ್ದಂಥದೇ ಜಾಗ. ಜನರಿಲ್ಲ, ಗಾಳಿ ಇದೆ. ಎರಡು ಅಪಾಯಗಳ ನಡುವೆ ಅಷ್ಟಾದರೂ ದಾರಿ ಸಿಕ್ಕಿತ್ತು.

ಹುಲಿಗೆಮ್ಮ ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದಳು. ಎಣ್ಣೆಯ ಮಾತು ಬಂದಂದಿನಿಂದ ಆಕೆ ಕೂಸನ್ನು ಮುಟ್ಟಿರಲಿಲ್ಲ. ಶರಣಮ್ಮ ಅವಳ ಕಡೆ ತಿರುಗಿದಳು. ತವರಿಗೆ ಅಟ್ಟುತ್ತೇನೆ ಎಂದು ತಿಂಗಳುಗಟ್ಟಲೆ ಕೇಳಿಸಿಕೊಂಡ ಸೊಸೆ ಅತ್ತೆಗೆ ಈಗ ಏನು ಹೇಳುತ್ತಾಳೋ ಎಂದು ನಾನು ಅವಳನ್ನೇ ನೋಡಿದೆ.

"ಅತ್ತಿ, ನೀವೂ ಬರ್ರಿ. ಒಬ್ಬಾಕಿಗೆ ನೀಗಂಗಿಲ್ಲ."

"ಸೊಸಿ ತವರಾಗ ನಾ ಹೆಂಗ ಇರ್ಲಿ?" ಎಂದಳು ಹುಲಿಗೆಮ್ಮ, ನೆಲ ನೋಡಿಕೊಂಡು.

"ನಾ ಇಲ್ಲಿ ಇದ್ದಂಗ ಇರ್ರಿ."

ಆ ಮಾತು ಸಿಟ್ಟಿನದೋ ಸಮಾಧಾನದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇದ್ದಿರಬೇಕು.

ನನ್ನ ಕಾರಿನಲ್ಲೇ ಹೊರಟೆವು. ಯಮನೂರ ಶೆಡ್ಡಿನಲ್ಲೇ ಉಳಿದ. ಕೂಸಿನ ಮೈಯನ್ನು ಸೋಪಿನಿಂದ ತೊಳೆಸಿ, ಹೊಸ ಬಟ್ಟೆ ತೊಡಿಸಿ, ಹಳೆಯ ಬಟ್ಟೆ, ಹಾಸಿಗೆ ಎಲ್ಲ ಅಲ್ಲೇ ಬಿಟ್ಟು ಬಂದಿದ್ದೆವು. ಕೊಪ್ಪಳ ದಾಟಿ ಯಲಬುರ್ಗಾ ಕಡೆ ತಿರುಗಿದ ಮೇಲೆ ಎರಡೂ ಬದಿ ಉತ್ತು ಬಿಟ್ಟ ಎರೆಹೊಲಗಳು. ಶರಣಮ್ಮ ಕಿಟಕಿ ಇಳಿಸಲೇ ಎಂದು ಕೇಳಿದಳು. ಹೂಂ ಎಂದೆ. ಬಿಸಿಗಾಳಿಯೇ ಬಂತು. ಆದರೂ ಆಕೆ ಮುಖ ಒಡ್ಡಿ ಕಣ್ಣು ಮುಚ್ಚಿಕೊಂಡಳು.

ಮುಂದಿನ ತಿಂಗಳುಗಳು ಸುಲಭವಾಗಿರಲಿಲ್ಲ. ಹೊಲದ ಮನೆಗೆ ಹೋದ ಎರಡನೆಯ ವಾರವೇ ಕೂಸಿಗೆ ಭೇದಿಯಾಯಿತು. ಕೊಪ್ಪಳದಲ್ಲಿ ದಾಖಲು ಮಾಡಿಸಿ, ನನ್ನ ಒಂದು ಮಾತಿನಿಂದ ಒಂದು ಕೂಸು ಹೋಗುತ್ತದೋ ಎಂದು ದಿನಾ ಗಂಗಾವತಿಯಿಂದ ಹೋಗಿ ನೋಡಿ ಬಂದೆ. ಉಳಿಯಿತು. ಮಳೆಗಾಲದ ಮಧ್ಯದಲ್ಲಿ ಜೀನ್ ವರದಿ ಬಂತು: ಈವರೆಗೆ ತಿಳಿದಿರುವ ಯಾವ ದೋಷವೂ ಕಂಡಿಲ್ಲ. ನನ್ನ ಸಹಪಾಠಿಯೊಬ್ಬರು ಸಂಶೋಧನಾ ಪ್ರಯೋಗಾಲಯದಲ್ಲಿದ್ದರು. ಅವರಿಗೆ ಕಳಿಸಿದ್ದ ಆ ಸೀಸೆಯ ಎಣ್ಣೆಯಲ್ಲಿ ಪಿಸಿಬಿ ಇತ್ತು. ಆ ಡ್ರಮ್ಮಿನ ಎಣ್ಣೆ ಎಷ್ಟು ಹಳೆಯದೋ, ಯಾವ ಟಿಸಿಯದೋ ಯಾರಿಗೂ ಗೊತ್ತಿರಲಿಲ್ಲ. ವರದಿಯ ಪ್ರತಿಯನ್ನು ಸಂಬಂಧಪಟ್ಟ ಇಲಾಖೆಗೆ ಕೊಟ್ಟೆ. ಡ್ರಮ್ಮುಗಳನ್ನು ಸಾಗಿಸಿದರು ಎಂದು ಆಮೇಲೆ ಕೇಳಿದೆ. ಮಾಲೀಕರಿಗೂ ಒಂದು ಪ್ರತಿ ಕೊಟ್ಟೆ. ಅವರು ಈ ಸಲ ಕೈ ತೋರಿಸಲಿಲ್ಲ, ತಾವೇ ರಕ್ತಪರೀಕ್ಷೆಗೆ ಎಲ್ಲಿ ಹೋಗಬೇಕು ಎಂದು ಕೇಳಿದರು. ಯಮನೂರ ಸುಗ್ಗಿಯ ಹೊತ್ತಿಗೆ ಶೆಡ್ಡು ಬಿಟ್ಟು, ಹೆಂಡತಿಯ ತಮ್ಮನ ಜತೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡತೊಡಗಿದ.

ಗವಿಸಿದ್ದನ ಟಿ ಕೋಶಗಳು ನಿಧಾನವಾಗಿ ಏರಿದವು. ಕಸಿ ಬೇಕಾಗಲಿಲ್ಲ. ಇಂದಿಗೂ ಅವನಿಗೆ ನೆಗಡಿ ಬೇಗ ಹಿಡಿಯುತ್ತದೆ, ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪುವುದಿಲ್ಲ. ಆ ಎಣ್ಣೆಯಿಂದಲೇ ಅವನ ಥೈಮಸ್ ಕುಗ್ಗಿತ್ತು ಎಂದು ನಾನು ಪ್ರಮಾಣ ಮಾಡಲಾರೆ. ಮೇಲಿಂದ ಮೇಲೆ ಸೋಂಕಾದರೂ, ಪೌಷ್ಟಿಕತೆ ಕಡಿಮೆಯಾದರೂ ಥೈಮಸ್ ಕುಗ್ಗುತ್ತದೆ. ಜಾಗ ಬದಲಿಸಿದ ಮೇಲೆ ಚೇತರಿಸಿಕೊಂಡ ಎಂಬುದಷ್ಟೇ ನನಗೆ ಗೊತ್ತಿರುವ ಸತ್ಯ.

ನಿವೃತ್ತಿಯಾದ ಮೇಲೆ ಒಮ್ಮೆ ಮಂಗಳೂರಿಗೆ ಹೋಗಿದ್ದೆ. ಹುಡುಗ ಅಂಗಳದಲ್ಲಿ ಅಕ್ಕನ ಹಿಂದೆ ಓಡಾಡುತ್ತಿದ್ದ. ಶರಣಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹುಲಿಗೆಮ್ಮ ನನ್ನ ಪಕ್ಕ ಕುಳಿತು ಬಹಳ ಹೊತ್ತು ಸೀರೆಯ ಸೆರಗು ಮಡಚಿದಳು, ಬಿಚ್ಚಿದಳು. ಕೊನೆಗೆ ಕೇಳಿದಳು.

"ಅಕ್ಕಾರ, ಖರೇ ಹೇಳ್ರಿ. ಮೊದ್ಲಿನ ಕೂಸಿಗೂ ನಾನ ಎರೀತಿದ್ದೆ. ಅದೂ ನನ್ನ ಕೈಯಿಂದನ ಹೋತೇನ್ರಿ?"

ರೊಟ್ಟಿ ಬಡಿಯುವ ಸದ್ದು ನಿಂತಿತು.

ಅಲ್ಲ ಎನ್ನಲು ನನಗೆ ಆಧಾರವಿರಲಿಲ್ಲ. ಹೌದು ಎನ್ನಲೂ ಇರಲಿಲ್ಲ. "ಗೊತ್ತಿಲ್ಲವ್ವಾ" ಎಂದೆ. "ಇದು ಯಾರಿಗೂ ಗೊತ್ತಾಗಂಗಿಲ್ಲ."

ಆಕೆಯ ಮುಖ ಹಾಗೇ ಇತ್ತು. ಆಗ ಶರಣಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅಂಗಳದಲ್ಲಿ ಎಡವಿ ಬಿದ್ದು ಅಳುತ್ತಿದ್ದ ಮಗನನ್ನು ಮೊಣಕೈಯಿಂದಲೇ ಎತ್ತಿ ಅತ್ತೆಯ ಮಡಿಲಿಗೆ ಹಾಕಿದಳು.

"ಹಿಡೀರಿ ಅತ್ತಿ ಇವನ್ನ. ನನ್ನ ಕೈ ಹಿಟ್ಟಾಗ್ಯಾವ."

ಮತ್ತೆ ಹೋಗಿ ರೊಟ್ಟಿಗೆ ಕೂತಳು. ಹುಲಿಗೆಮ್ಮ ಕೂಸಿನ ಮೊಣಕಾಲಿನ ಮಣ್ಣನ್ನು ಸೆರಗಿನಿಂದ ಒರೆಸತೊಡಗಿದಳು.

ಈಗಲೂ ವಾರಕ್ಕೆರಡು ದಿನ ಊರಿನಲ್ಲಿ ಮಕ್ಕಳನ್ನು ನೋಡುತ್ತೇನೆ. ಮನೆತನದಲ್ಲಿ ಯಾರಿಗೆ ಏನಿತ್ತು ಎಂದು ಕೇಳುವ ಮೊದಲು, ಎಲ್ಲಿ ಮಲಗುತ್ತೀರಿ, ಏನು ಸುಡುತ್ತೀರಿ, ಮೈಗೆ ಏನು ಹಚ್ಚುತ್ತೀರಿ ಎಂದು ಕೇಳುತ್ತೇನೆ. ಕೇಳುವಾಗ ತಾಯಿಯ ಮುಖವನ್ನಷ್ಟೇ ನೋಡುವುದಿಲ್ಲ, ಜತೆಗೆ ಬಂದವರೆಲ್ಲರನ್ನೂ ನೋಡಿ ಕೇಳುತ್ತೇನೆ.